ಮಹಾಮಂಡಲೇಶ್ವರಿ ಚೆನ್ನಭೈರಾದೇವಿ: ವಂಶ ಮತ್ತು ಜೀವನ

ಹಳದೀಪುರದ ತೆಂಕಣಕ್ಕೆ ಶರಾವತಿಯೂ ಬಡಗಣಕ್ಕೆ ಅಘನಾಶಿನಿಯೂ ಹರಿಯುತ್ತವೆ. ಒಂದರ ದಡದಲ್ಲಿ ಗೇರುಸೊಪ್ಪೆಯ ಬಸದಿಗಳಿವೆ. ಇನ್ನೊಂದರ ದಡದಲ್ಲಿ ಮಿರ್ಜಾನಿನ ಕೋಟೆಯಿದೆ. ಇವೆರಡನ್ನೂ ಕಂಡವರು ರಾಣಿ ಚೆನ್ನಭೈರಾದೇವಿಯನ್ನು ನೆನೆಯದೆ ಮುಂದೆ ಸಾಗಲಾರರು.

ಈಕೆಯು ಜೈನಧರ್ಮಾವಲಂಬಿಗಳಾದ ಸಾಳುವ ಅರಸುಮನೆತನದವಳು. ಈ ಮನೆತನವು ಶಾಸನಗಳಲ್ಲಿ ನಗಿರೆ ರಾಜ್ಯದ ಗೇರುಸೊಪ್ಪೆ ಮತ್ತು ಸಂಗೀತಪುರವೆಂಬ ಹಾಡುವಳ್ಳಿಗಳೊಡನೆ ಹೆಣೆದುಕೊಂಡಿದೆ. ಇಲ್ಲಿ ಪಟ್ಟವು ಅಳಿಯಸಂತಾನದ ಕ್ರಮದಿಂದ ಸಾಗಿದುದರಿಂದ, ವಂಶಾವಳಿಯನ್ನು ತಂದೆಯಿಂದ ಮಗನಿಗೆ ಎಣಿಸುತ್ತ ಹೋದರೆ ಎಳೆ ಕಡಿದುಹೋಗುತ್ತದೆ. ಸೋದರಿಯ ಹೆಸರನ್ನು ಹಿಡಿದು ನಡೆದಾಗಲೇ ಅದು ಕೂಡುತ್ತದೆ. ಸ್ತ್ರೀಯು ಇಲ್ಲಿ ಕುಲದ ಮೂಲವೇ ಆಗಿದ್ದಳೆಂಬುದನ್ನು ಮರೆಯಲಾಗದು. ಅಂಬವಣಶ್ರೇಷ್ಠಿಯಂತಹ ವರ್ತಕರು ಗೇರುಸೊಪ್ಪೆಯ ಚೈತ್ಯಾಲಯಗಳಿಗಾಗಿ ಮಾಡಿದ ಧರ್ಮಕಾರ್ಯಗಳ ಶಾಸನಗಳು ಈ ವಂಶದ ನೆನಪನ್ನೂ ಕಾಪಾಡಿವೆ.

ದೇವಿಯು 1552ರಿಂದ 1606ರವರೆಗೆ, 54 ವರ್ಷಗಳ ಕಾಲ ರಾಜ್ಯವಾಳಿದಳು. ಘಟ್ಟದ ಮೆಣಸು ಅವಳ ಬಂದರುಗಳಿಂದ ಕಡಲಾಚೆಗೆ ಹೋಗುತ್ತಿದ್ದಿತು. ಪೋರ್ಚುಗೀಸರು ಅವಳನ್ನು ಮೆಣಸಿನ ರಾಣಿಯೆಂದು ಕರೆದರು. 1569ರಲ್ಲಿ ಅವರ ವೈಸರಾಯ್ ಲೂಯಿಸ್ ದ ಅತಾಯಿದೆಯು ಹೊನ್ನಾವರವನ್ನು ಮುತ್ತಿ ವಶಪಡಿಸಿಕೊಂಡನು. ಅಂತಹ ಪೆಟ್ಟಿನ ಬಳಿಕವೂ ಆಕೆ ಮೂರು ದಶಕಗಳಿಗೂ ಮೀರಿ ಸಿಂಹಾಸನದಲ್ಲಿದ್ದುದು ಅವಳ ಧೃತಿಗೆ ಸಾಕ್ಷಿ. ಈ ಕಾಲದಲ್ಲಿಯೇ, 1604ರಲ್ಲಿ, ಹಾಡುವಳ್ಳಿಯ ಗುರುಪರಂಪರೆಗೆ ಸೇರಿದ ಭಟ್ಟಾಕಳಂಕದೇವನು ಕರ್ಣಾಟಕ ಶಬ್ದಾನುಶಾಸನವನ್ನು ಪೂರೈಸಿದನು.

1606ರಲ್ಲಿ ಕೆಳದಿಯ ವೆಂಕಟಪ್ಪನಾಯಕನು ರಾಜ್ಯವನ್ನು ಗೆದ್ದನು. ವೃದ್ಧ ರಾಣಿಯು ಸೆರೆಯಲ್ಲಿ ಕಾಲವಾದಳೆಂದು ಹೇಳುತ್ತಾರೆ.

1623ರಲ್ಲಿ ಗೇರುಸೊಪ್ಪೆಯ ಮಾರ್ಗವಾಗಿ ಇಕ್ಕೇರಿಗೆ ಹೋದ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲೆಯು ಹಾಳುಬಿದ್ದ ನಗರವನ್ನು ಕಂಡನು. ರಾಣಿಯು ಕೀಳುಕುಲದವನೊಬ್ಬನಿಗೆ ಮನಸೋತು ಕೆಟ್ಟಳೆಂಬ ಕಥೆಯನ್ನೂ ಬರೆದಿಟ್ಟನು. ಆದರೆ ಅವನು ಗೆದ್ದ ಅರಸನ ಆಸ್ಥಾನಕ್ಕೆ ಹೊರಟಿದ್ದ ಪೋರ್ಚುಗೀಸ್ ರಾಯಭಾರಿಯ ಜೊತೆಗಾರ. ರಾಜ್ಯವಳಿದು ಆಗಲೇ 17 ವರ್ಷಗಳು ಸಂದಿದ್ದವು. ಸೋತವಳ ಪರವಾಗಿ ನುಡಿಯುವವರು ಅಲ್ಲಿರಲಿಲ್ಲ. ಅರ್ಧ ಶತಮಾನಕ್ಕೂ ಮಿಕ್ಕ ಆಳ್ವಿಕೆಯನ್ನು ಇಂತಹ ಕಿವಿಮಾತಿನಿಂದ ಅಳೆಯುವುದು ನ್ಯಾಯವಲ್ಲ.

ಗೇರುಸೊಪ್ಪೆಯ ಚತುರ್ಮುಖ ಬಸದಿಯಲ್ಲಿ ಜಿನಬಿಂಬಗಳು ಇಂದಿಗೂ ನಾಲ್ಕು ದಿಕ್ಕುಗಳಿಗೆ ಮುಖಮಾಡಿ ಕುಳಿತಿವೆ. ಆ ರಾಜ್ಯದ ವೈಭವಕ್ಕೆ ಅದಕ್ಕಿಂತ ನಂಬಿಕೆಯ ಸಾಕ್ಷಿ ಬೇಕಿಲ್ಲ.