ದಾರಿ ತಪ್ಪಿದ ಅರಸುಮಕ್ಕಳೂ ರೋಣದ ಮಂತ್ರಿಯೂ

ಹದಿನೇಳರ ಹುಡುಗ ಯಾರನ್ನೋ ಇರಿದ ಸುದ್ದಿ ಬಂದರೆ ಸಾಕು, ನಮ್ಮ ಮೊಬೈಲುಗಳ ತುಂಬಾ ಒಂದೇ ಕೂಗು: ಗಲ್ಲಿಗೇರಿಸಿ. ಆಗೆಲ್ಲ ನನಗೆ ನೆನಪಾಗೋದು ದುರ್ಗಸಿಂಹ. ಊರು ರೋಣ ತಾಲ್ಲೂಕಿನ ಸವಡಿ. ಆಗದು ಕಿಸುಕಾಡುನಾಡಿನ ಸಯ್ಯಡಿ ಎಂಬ ಅಗ್ರಹಾರ.

ಕವಿ ಅಂತಷ್ಟೇ ಓದಿದ್ದೇವೆ. ಆದರೆ ಆತ ಚಾಲುಕ್ಯ ಇಮ್ಮಡಿ ಜಯಸಿಂಹನ ಸಂಧಿವಿಗ್ರಹಿ, ಅಂದರೆ ಯುದ್ಧ-ಒಪ್ಪಂದಗಳ ಮಂತ್ರಿ. ರಾಜೇಂದ್ರ ಚೋಳನ ಜೊತೆ ಕಾದಾಟ ನಡೆದಿದ್ದ ಕಾಲ. ಹಿಂಸೆ ಏನಂತ ಅವನಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ತನ್ನೂರಲ್ಲಿ ಹರಿಗೂ ಹರನಿಗೂ ಗುಡಿ ಕಟ್ಟಿಸಿದ. 1031ರ ಸುಮಾರಿಗೆ ಪಂಚತಂತ್ರವನ್ನು ಕನ್ನಡಕ್ಕೆ ತಂದ, ಅದೂ ಎಲ್ಲರಿಗೂ ಗೊತ್ತಿದ್ದ ವಿಷ್ಣುಶರ್ಮನನ್ನು ಬಿಟ್ಟು ವಸುಭಾಗಭಟ್ಟನ ಜಾಡು ಹಿಡಿದು.

ಆ ಕಥೆಗಳು ಹುಟ್ಟಿದ್ದೇ ಕೈಮೀರಿದ ಅರಸುಮಕ್ಕಳನ್ನು ತಿದ್ದಲು ಎಂಬುದು ಪರಂಪರೆಯ ಮಾತು. ದುರ್ಗಸಿಂಹನ ಐದು ಭಾಗಗಳಲ್ಲಿ ಒಂದರ ಹೆಸರು ಪರೀಕ್ಷೆ. ವಿಚಾರಿಸದೆ ಕೈ ಎತ್ತಿದರೆ ಏನಾಗುತ್ತೆ ಅನ್ನೋದೇ ಅಲ್ಲಿನ ಕಾಳಜಿ. ಪಂಚತಂತ್ರದ ಮುಂಗುಸಿ ನೆನಪಿದೆಯಲ್ಲ? ಬಾಯಿಗೆ ರಕ್ತ ಮೆತ್ತಿದ್ದು ಕಂಡದ್ದೇ ತಡ, ಕೂಸನ್ನು ಹಾವಿನಿಂದ ಕಾಯ್ದ ಪ್ರಾಣಿಯನ್ನೇ ಕೊಂದುಬಿಟ್ಟರು. ಇಲ್ಲಿ ಒಂದು ಮಾತು ಸೇರಿಸಲೇಬೇಕು: ನಮ್ಮ ಹುಡುಗರೆಲ್ಲ ಮುಂಗುಸಿಗಳಲ್ಲ. ಕೆಲವರು ನಿಜಕ್ಕೂ ಕೊಂದಿರ್ತಾರೆ, ಸತ್ತವರ ಮನೆಯವರ ಸಿಟ್ಟು ಸುಳ್ಳಲ್ಲ.

2012ರ ದೆಹಲಿ ಪ್ರಕರಣದಲ್ಲಿ ಒಬ್ಬ ಆರೋಪಿ ಅಪ್ರಾಪ್ತ. ಅವನಿಗೆ ಆದದ್ದು ಮೂರು ವರ್ಷದ ಸುಧಾರಣಾ ವಾಸ. ದೇಶ ಕುದಿಯಿತು. 2015ರ ಬಾಲನ್ಯಾಯ ಕಾಯ್ದೆ ಬಂತು. ಘೋರ ಅಪರಾಧದ ಆರೋಪ ಹೊತ್ತ 16 ದಾಟಿದ ಮಕ್ಕಳನ್ನು ದೊಡ್ಡವರಂತೆ ವಿಚಾರಣೆಗೆ ಒಪ್ಪಿಸಬಹುದು, ಆದರೆ ಮೊದಲು ಬಾಲನ್ಯಾಯ ಮಂಡಳಿ ಅವರ ಮನಸ್ಥಿತಿ, ತಿಳಿವಳಿಕೆ, ಕೃತ್ಯದ ಸಂದರ್ಭ ತೂಗಬೇಕು. ಗಲ್ಲು ಮಾತ್ರ ಕೊಡುವಂತಿಲ್ಲ. ದುರ್ಗಸಿಂಹನ ಪರೀಕ್ಷೆ ಕಾನೂನಿನ ಭಾಷೆಯಲ್ಲಿ ಬಂದದ್ದು ಹೀಗೆ ಅಂತ ನನಗನ್ನಿಸುತ್ತೆ. ಮಂಡಳಿಯ ಎದುರು ಅದು ಒಂದು ಫಾರ್ಮು ತುಂಬುವ ಕೆಲಸವಾಗಿಬಿಟ್ಟರೆ ಪರೀಕ್ಷೆ ಆಗಲೇ ಇಲ್ಲ.

ದುರ್ಗಸಿಂಹನನ್ನು ಹೊಗಳಿ ಸುಮ್ಮನಾಗಲಾರೆ. ಅವನ ಲೋಕದಲ್ಲಿ ಗುರುವನ್ನಿಟ್ಟು ತಿದ್ದಿಸುತ್ತಿದ್ದದ್ದು ರಾಜನ ಮಕ್ಕಳನ್ನು. ಹೊಲದಾಳಿನ ಮಗ ತಪ್ಪು ಮಾಡಿದರೆ ಅವನಿಗೆ ಕಥೆ ಹೇಳೋಕೆ ಯಾರೂ ಬರ್ತಿರಲಿಲ್ಲ. ಈಗಲೂ ದುಡ್ಡಿದ್ದವರ ಹುಡುಗ ಕಾರು ಹಾಯಿಸಿ ಜನರನ್ನು ಕೊಂದರೆ ಪಾಪ, ವಯಸ್ಸು ಅಂತೀವಿ. ಗ್ಯಾರೇಜಿನ ಹುಡುಗ ಚಾಕು ಹಿಡಿದರೆ ರಕ್ತದಲ್ಲೇ ಬಂದದ್ದು ಅಂತೀವಿ.