ಅಳಿಯ ರಾಮರಾಯನೂ ಕೃಷ್ಣೆಯ ಕಡವೂ

ಬಸವನಗುಡಿಯ ದೊಡ್ಡ ಬಸವಣ್ಣನನ್ನೂ ಕೆಂಪಾಂಬುಧಿಯನ್ನೂ ಕಂಡಾಗ ನಾವು ಕೆಂಪೇಗೌಡನನ್ನು ನೆನೆಯುತ್ತೇವೆ. ಸ್ವಂತ ನಾಣ್ಯವನ್ನು ಅಚ್ಚು ಹಾಕಿಸಿದ ತಪ್ಪಿಗೆ ಆತನು ಆನೆಗೊಂದಿಯಲ್ಲಿ ಸೆರೆಯಿದ್ದನೆಂಬ ಐತಿಹ್ಯವನ್ನೂ ಬಲ್ಲೆವು. ಆ ಸೆರೆಯ ಆಜ್ಞೆಯನ್ನಿತ್ತವನೆಂದು ಐತಿಹ್ಯವು ಹೇಳುವ ಅಳಿಯ ರಾಮರಾಯನು ಮಾತ್ರ ನಮ್ಮ ಪಾಲಿಗೆ ತಾಳಿಕೋಟೆಯಲ್ಲಿ ತಲೆ ಕಳೆದುಕೊಂಡ ಮುದುಕನಾಗಿಯೇ ಉಳಿದಿದ್ದಾನೆ. ಒಂದೇ ದಿನದ ಸೋಲಿನಿಂದ ಇಡಿಯ ಬಾಳನ್ನು ಅಳೆಯುವುದು ನ್ಯಾಯವಲ್ಲ. ಆದರೆ ಆ ದಿನವನ್ನು ಬಿಟ್ಟು ಈತನ ಬಾಳನ್ನು ಹೇಳುವುದೂ ಸಾಧ್ಯವಿಲ್ಲ.

ಆತನು ಅರವೀಡು ಮನೆತನದವನು. ಮೊದಲು ಗೋಲ್ಕೊಂಡದ ಕುಲಿ ಕುತುಬ್ ಷಹನ ಸೇವೆಯಲ್ಲಿದ್ದು, ಕೋಟೆಯೊಂದನ್ನು ವಿಜಾಪುರದವರಿಗೆ ಬಿಟ್ಟುಕೊಟ್ಟ ಕಾರಣದಿಂದ ಅಲ್ಲಿಂದ ಹೊರಬಿದ್ದನೆಂದು ಗೋಲ್ಕೊಂಡದ ಚರಿತ್ರಕಾರನೊಬ್ಬನ ಹೇಳಿಕೆ. ಕೃಷ್ಣದೇವರಾಯನು ಅವನಿಗೆ ಮಗಳನ್ನಿತ್ತನು. ಅಳಿಯನೆಂಬ ಬಿರುದು ಹೆಸರಿಗಿಂತ ಮುಂದೆ ನಿಂತಿತು. 1529ರಲ್ಲಿ ಮಾವನು ತೀರಿಕೊಂಡಾಗ ರಾಮರಾಯನು ರಾಯನ ಎಳೆಯ ಮಗನ ಪಕ್ಷ ಹಿಡಿದನು; ಪಟ್ಟವು ಅಚ್ಯುತರಾಯನಿಗೆ ಸಂದಿತು. ಆತನು ಕಾದನು. ಕಾಯುವುದನ್ನು ಬಲ್ಲವನಾಗಿದ್ದನೆಂಬುದೇ ಆತನ ಮೊದಲ ಗುಣವೆಂದು ನನಗೆ ತೋರುತ್ತದೆ.

1542ರಲ್ಲಿ ಅಚ್ಯುತನು ಮಡಿಯಲು ಉತ್ತರಾಧಿಕಾರದ ಕಲಹವು ಭುಗಿಲೆದ್ದಿತು. ಬಾಲಕ ವೆಂಕಟನ ಸೋದರಮಾವ ಸಲಕರಾಜು ತಿರುಮಲನು ರಕ್ಷಕನಾಗಿ ಬಂದು ಭಕ್ಷಕನಾದನು. ಸೋದರಳಿಯನನ್ನು ಕೊಲ್ಲಿಸಿ ತಾನೇ ಸಿಂಹಾಸನವೇರಿದನು. ರಾಮರಾಯನು ಗುತ್ತಿಯ ಕೋಟೆಯಲ್ಲಿ ಸೆರೆಯಾಗಿದ್ದ ಅಚ್ಯುತನ ಸೋದರನ ಮಗ ಸದಾಶಿವನನ್ನು ಬಿಡಿಸಿ ಅರಸನೆಂದು ಸಾರಿದನು. ಕಾಳಗದ ಮೇಲೆ ಕಾಳಗ ನಡೆದು, ಕಡೆಗೆ ತುಂಗಭದ್ರೆಯ ತಡಿಯಲ್ಲಿ ಸಲಕರಾಜು ಸೋತು ಹತನಾದನು. 1543ರಲ್ಲಿ ಸದಾಶಿವನಿಗೆ ಪಟ್ಟವಾಯಿತು. ರಾಜ್ಯ ಮಾತ್ರ ರಾಮರಾಯನದು. ಕೆಲವು ವರ್ಷಗಳಲ್ಲಿ ಆ ಅರಸನು ವರ್ಷಕ್ಕೊಮ್ಮೆ ಪ್ರಜೆಗಳಿಗೆ ಮುಖ ತೋರಿಸುವ ಸೆರೆಯಾಳಾದನು. ಒಂದು ನದಿಯ ದಡದಲ್ಲಿ ದೊರೆತ ಅಧಿಕಾರವು ಇನ್ನೊಂದು ನದಿಯ ದಡದಲ್ಲಿ ಹೋಯಿತೆಂಬುದು ಈ ಬಾಳಿನ ವಿಚಿತ್ರ.

ನಡುವಿನ ಎರಡು ದಶಕಗಳ ರಾಜತಂತ್ರವು ಒಂದು ಗ್ರಂಥಕ್ಕೇ ಸಾಕು. ಸುಲ್ತಾನರಲ್ಲಿ ಒಬ್ಬನ ಮೇಲೊಬ್ಬನನ್ನು ಎತ್ತಿಕಟ್ಟುವುದು ಆತನ ನೀತಿ. ಅಣ್ಣನಿಗೆ ಹೆದರಿ ಬಂದ ಗೋಲ್ಕೊಂಡದ ಇಬ್ರಾಹಿಂ ಕುತುಬ್ ಷಹನು ಏಳು ವರ್ಷ ವಿಜಯನಗರದಲ್ಲಿ ಆಶ್ರಯ ಪಡೆದನು. ರಾಮರಾಯನು ಮಗನನ್ನು ಕಳೆದುಕೊಂಡಾಗ ಸಂತೈಸಲು ಬಂದ ವಿಜಾಪುರದ ಅಲಿ ಆದಿಲ್ ಷಹನನ್ನು ಆತನ ಮಡದಿ ಮಗನೆಂದು ಒಪ್ಪಿಕೊಂಡಳು. ಆದರೆ ಬೀಳ್ಕೊಡುವಾಗ ರಾಮರಾಯನು ಹೊರಗಿನವರೆಗೆ ಬರಲಿಲ್ಲ. ಅಲಿಯು ಆ ಕೊರಗನ್ನು ಹೊತ್ತುಕೊಂಡೇ ಹೋದನು. ಅಹಮದನಗರದ ಹುಸೇನ್ ನಿಜಾಮ್ ಷಹನಂತೂ ಆತನ ಕೈಯಿಂದ ವೀಳ್ಯ ಪಡೆದು ತಲೆ ತಗ್ಗಿಸಬೇಕಾಯಿತು. ಹುಸೇನನ ಮಗಳು ಚಾಂದಬೀಬಿ ಅಲಿಯ ಕೈ ಹಿಡಿದು, ಸೊಲ್ಲಾಪುರವು ಬಳುವಳಿಯಾಗಿ ಸಂದಾಗ ಎತ್ತಿಕಟ್ಟುವ ಆಟ ಮುಗಿದಿತ್ತು. ವೃದ್ಧನು ಅದನ್ನು ಕಾಣಲಿಲ್ಲವೇ? ಕಂಡೂ ಲೆಕ್ಕಿಸಲಿಲ್ಲವೆಂದೇ ನನ್ನ ಊಹೆ.

1564ರ ಡಿಸೆಂಬರಿನಲ್ಲಿ ಸುಲ್ತಾನರ ಸೇನೆಗಳು ತಾಳಿಕೋಟೆಯಲ್ಲಿ ನೆರೆದವು. ತಾಳಿಕೋಟೆ ಅವರು ಕೂಡಿದ ಸ್ಥಳವೇ ಹೊರತು ಕಾದಿದ ಸ್ಥಳವಲ್ಲ. ರಕ್ಕಸಗಿ, ತಂಗಡಗಿ ಎಂಬ ಕೃಷ್ಣಾತೀರದ ಊರುಗಳ ಹೆಸರನ್ನು ಈ ಕಾಳಗಕ್ಕೆ ಇಡುವುದು ಅದಕ್ಕಾಗಿಯೇ. ರಾಮರಾಯನು ಮೊದಲು ತಮ್ಮ ತಿರುಮಲನನ್ನೂ ಬಳಿಕ ವೆಂಕಟಾದ್ರಿಯನ್ನೂ ಕಳುಹಿಸಿ ಹೊಳೆಯನ್ನು ಕಾಯಿಸಿದನು. ಕೊನೆಗೆ ತಾನೇ ಹೊರಟನು. ಕುದುರೆ ಹಾಯಬಹುದಾದ ಕಡವಿನ ಎದುರಿಗೆ, ದಕ್ಷಿಣದ ದಡದಲ್ಲಿ, ಮಣ್ಣಿನ ಒಡ್ಡು ಕಟ್ಟಿ ಫಿರಂಗಿಗಳನ್ನು ಹೂಡಿದ್ದರು. ಅದನ್ನು ನೇರವಾಗಿ ದಾಟುವುದೆಂದರೆ ಸಾವಿನ ಬಾಯಿಗೆ ನಡೆದಂತೆ.

ಸುಲ್ತಾನರು ದಾಟಲಿಲ್ಲ. ಬೇರೊಂದು ಕಡವನ್ನು ಅರಸುವವರಂತೆ ದಡದುದ್ದಕ್ಕೂ ಹಗಲುಗಟ್ಟಲೆ ಸಾಗಿದರು. ಎದುರು ದಡದಲ್ಲಿ ವಿಜಯನಗರದ ದಂಡೂ ನೆರಳಿನಂತೆ ಸರಿಯಿತು; ಕಾವಲಿನ ಕಡವು ಬರಿದಾಯಿತು. ಆಗ ಒಂದು ರಾತ್ರಿ ಅವರ ಕುದುರೆ ಸವಾರರು ಥಟ್ಟನೆ ಹಿಂದಿರುಗಿ ಆ ಬರಿದಾದ ಕಡವನ್ನೇ ಹಾಯ್ದರು. ನನ್ನ ವಿದ್ಯಾರ್ಥಿಗಳು ಪ್ರತಿ ವರ್ಷವೂ ಕೇಳುವ ಪ್ರಶ್ನೆ, ದ್ರೋಹವೆಸಗಿದ ಸರದಾರರು ಯಾರೆಂಬುದು. ಇಬ್ಬರು ಸರದಾರರು ಪಕ್ಷ ಬದಲಿಸಿದರೆಂದು ವೆನಿಸ್ಸಿನ ವರ್ತಕ ಸೀಸರ್ ಫೆಡರಿಚಿ ಬರೆದಿರುವುದು ನಿಜ. ಆದರೆ ದ್ರೋಹದ ಕಥೆಯಲ್ಲಿ ನಮ್ಮ ಅಭಿಮಾನಕ್ಕೆ ಒಂದು ಸಮಾಧಾನವಿದೆ. ಬರಿದಾದ ಕಡವಿನಲ್ಲಿ ಅದಿಲ್ಲ. ಹೊಳೆ ಕೈಬಿಟ್ಟಮೇಲೆ ಉಳಿದದ್ದು ಬಯಲಿನ ಯುದ್ಧ.

1565ರ ಜನವರಿ 23ರಂದು ರಾಮರಾಯನು ಕುದುರೆಯೇರಲೊಪ್ಪದೆ ಪಲ್ಲಕ್ಕಿಯಲ್ಲಿ ಕುಳಿತು ಸೇನೆಯ ಮಧ್ಯದಲ್ಲಿ ನಿಂತನು. ವಯಸ್ಸು ಎಂಬತ್ತರ ಆಸುಪಾಸು. ಮೊದಮೊದಲು ಜಯ ಆತನ ಕಡೆಗೇ ವಾಲಿತ್ತು. ಅಷ್ಟರಲ್ಲಿ ಹುಸೇನನ ಫಿರಂಗಿಗಳು ತಾಮ್ರದ ಕಾಸುಗಳ ಚೀಲಗಳನ್ನು ಗುಂಡಿನಂತೆ ಹತ್ತಿರದಿಂದಲೇ ಎರಚಿದವು. ಸಾವಿರಾರು ಮಂದಿ ಉರುಳಿದರು. ಮುನ್ನುಗ್ಗಿದ ಆನೆಯೊಂದಕ್ಕೆ ಬೆದರಿ ಬೋವಿಗಳು ಪಲ್ಲಕ್ಕಿಯನ್ನು ಕೆಳಗಿಟ್ಟು ಓಡಿದರು. ಸೆರೆಸಿಕ್ಕ ರಾಮರಾಯನ ತಲೆಯನ್ನು ಹುಸೇನನು ಕಡಿಸಿ ಭರ್ಜಿಯ ಮೇಲೆ ಎತ್ತಿಸಿದನು. ಅದನ್ನು ಕಂಡ ದಂಡು ಮತ್ತೆ ಕಾದಲಿಲ್ಲ. ಮಡಿದವರು ಒಂದು ಲಕ್ಷವೆಂದು ಫೆರಿಸ್ತನ ಲೆಕ್ಕ. ಚರಿತ್ರಕಾರರ ಲಕ್ಷಗಳನ್ನು ನಾನು ಅಷ್ಟಾಗಿ ನಂಬುವವನಲ್ಲ.

ವೀರರು ಮಡಿದದ್ದಕ್ಕಿಂತ ರಾಜಧಾನಿಯನ್ನು ಕಾಯುವವರಿಲ್ಲದೆ ಬಿಟ್ಟದ್ದು ಹೆಚ್ಚಿನ ಅನಾಹುತವಾಯಿತು. ತಿರುಮಲನು ಸೆರೆಯಾಳು ಸದಾಶಿವನನ್ನೂ ಬೊಕ್ಕಸವನ್ನೂ ಆನೆಗಳ ಮೇಲೆ ಹೇರಿಕೊಂಡು ಪೆನುಗೊಂಡೆಯ ಹಾದಿ ಹಿಡಿದನು. ಸುಮಾರು ಆರು ತಿಂಗಳು ಹಂಪೆಯು ಸುಲಿಗೆಗೂ ಬೆಂಕಿಗೂ ಈಡಾಯಿತು. ಅಲ್ಲಿಗೆ ಮರಳಿ ನೆಲಸಲು ತಿರುಮಲನು ಮಾಡಿದ ಯತ್ನವೂ ಕೈಗೂಡಲಿಲ್ಲ. 1567ರಲ್ಲಿ ಫೆಡರಿಚಿ ಬಂದಾಗ ಮನೆಗಳು ನಿಂತೇ ಇದ್ದವು. ಅವುಗಳಲ್ಲಿ ವಾಸವಾಗಿದ್ದವು ಹುಲಿಗಳು ಮತ್ತು ಕಾಡುಮೃಗಗಳು.