ವ್ಯರ್ಥವಾಗುವ ಹೊಗೆಯನ್ನು ದುಡಿಸಿದ ಆಲ್‌ಫ್ರೆಡ್ ಬ್ಯೂಖಿ

ನಾನು ಈ ಶಾಲೆಯ ಹಳೆಯ ವಿದ್ಯಾರ್ಥಿ. ಎಸ್ಸೆಸ್ಸೆಲ್ಸಿಯಲ್ಲಿ ಮೊದಲ ಸಲ ಗಣಿತದಲ್ಲಿ ನಪಾಸಾಗಿ, ಎರಡನೇ ಸಲ ಪಾಸಾದವನು. ಈಗ ಹೆದ್ದಾರಿಯ ಬದಿಯಲ್ಲಿ ಸಣ್ಣ ಗ್ಯಾರೇಜು ಇಟ್ಟುಕೊಂಡಿದ್ದೇನೆ. ಸುವರ್ಣ ಮಹೋತ್ಸವದ ಈ ಸಂಚಿಕೆಗೆ ಯಾರಾದರೊಬ್ಬ ಮಹನೀಯರ ಜೀವನಚರಿತ್ರೆ ಬರೆದುಕೊಡಬೇಕೆಂದು ಮುಖ್ಯೋಪಾಧ್ಯಾಯರು ಕೇಳಿದರು. ಕವಿಗಳ ಬಗ್ಗೆ, ದೇಶಭಕ್ತರ ಬಗ್ಗೆ ಬರೆಯಲು ನನಗಿಂತ ತಿಳಿದವರಿದ್ದಾರೆ. ನಾನು ನನಗೆ ಅನ್ನ ಕೊಟ್ಟ ಯಂತ್ರವನ್ನು ಕಂಡುಹಿಡಿದವರ ಬಗ್ಗೆ ಬರೆಯುತ್ತೇನೆ. ಆ ಯಂತ್ರ ಟರ್ಬೊಚಾರ್ಜರ್. ಅದನ್ನು ಕಂಡುಹಿಡಿದವರು ಸ್ವಿಟ್ಜರ್‌ಲೆಂಡಿನ ಆಲ್‌ಫ್ರೆಡ್ ಬ್ಯೂಖಿ.

ಅವರ ಹೆಸರು ನನಗೆ ತಿಳಿದದ್ದು ಒಂದು ಸೋಲಿನಿಂದ. ಗ್ಯಾರೇಜು ತೆರೆದ ಹೊಸತರಲ್ಲಿ ಗಿರಾಕಿಯೊಬ್ಬರು ಬಂದು ತಮ್ಮ ಡೀಸೆಲ್ ಜೀಪಿಗೆ ಘಾಟಿ ಏರುವಾಗ ಶಕ್ತಿ ಸಾಲದು ಎಂದರು. ನಾನು ಲಾರಿಯಿಂದ ಬಿಚ್ಚಿದ ದೊಡ್ಡ ಟರ್ಬೊ ಒಂದನ್ನು ತಂದು ಅದಕ್ಕೆ ಕೂರಿಸಿದೆ. ದೊಡ್ಡದು ಹಾಕಿದರೆ ಶಕ್ತಿಯೂ ದೊಡ್ಡದಾಗುತ್ತದೆ ಎಂಬುದಷ್ಟೇ ನನ್ನ ಲೆಕ್ಕ. ನಿಧಾನವಾಗಿ ಹೋಗುವಾಗ ಜೀಪಿನ ಪಿಕಪ್ ಮೊದಲಿಗಿಂತಲೂ ಕಡಿಮೆಯಾಯಿತು. ವೇಗ ಏರಿದಾಗ ಗಾಳಿಯ ಒತ್ತಡ ಒಮ್ಮೆಲೇ ನುಗ್ಗಿ, ಎರಡನೇ ವಾರದಲ್ಲಿ ಹೆಡ್ ಗ್ಯಾಸ್ಕೆಟ್ ಹೋಯಿತು. ರಿಪೇರಿಯ ಖರ್ಚನ್ನು ನಾನೇ ಹೊತ್ತೆ. ಐಟಿಐಯಲ್ಲಿ ನನಗೆ ಕಲಿಸಿದ ಮೇಷ್ಟ್ರ ಬಳಿ ಹೋಗಿ ಹೇಳಿಕೊಂಡಾಗ ಅವರು ಬೈಯಲಿಲ್ಲ. ಕೂರಿಸಿಕೊಂಡು ಬ್ಯೂಖಿಯವರ ಕಥೆ ಹೇಳಿದರು.

ಬ್ಯೂಖಿಯವರು ಹುಟ್ಟಿದ್ದು 1879ರ ಜುಲೈ 11ರಂದು, ಸ್ವಿಟ್ಜರ್‌ಲೆಂಡಿನ ವಿಂಟರ್‌ಥೂರ್ ಪಟ್ಟಣದಲ್ಲಿ. ಅದು ಎಂಜಿನ್ನುಗಳನ್ನು ತಯಾರಿಸುವ ಊರು. ಅವರ ತಂದೆ ಅಲ್ಲಿನ ಸುಲ್ಜರ್ ಕಾರ್ಖಾನೆಯಲ್ಲಿ ಹಿರಿಯ ಅಧಿಕಾರಿಯಾಗಿದ್ದರು. ಜ್ಯೂರಿಕ್‌ನ ತಾಂತ್ರಿಕ ವಿದ್ಯಾಲಯದಲ್ಲಿ ಓದಿ 1903ರಲ್ಲಿ ಎಂಜಿನಿಯರ್ ಆದ ಬ್ಯೂಖಿಯವರು ಬೆಲ್ಜಿಯಂ ಮತ್ತು ಇಂಗ್ಲೆಂಡುಗಳಲ್ಲಿ ಕೆಲಸ ಮಾಡಿದರು.

ಅವರನ್ನು ಕಾಡಿದ್ದು ಒಂದೇ ಪ್ರಶ್ನೆ. ಎಂಜಿನ್ನಿನಲ್ಲಿ ಉರಿಯುವ ಇಂಧನದ ಶಾಖದಲ್ಲಿ ಸುಮಾರು ಮೂರನೇ ಒಂದು ಪಾಲು ಹೊಗೆಯ ಜೊತೆಗೇ ಹೊರಗೆ ಹೋಗಿಬಿಡುತ್ತದೆ. ಹಣ ಕೊಟ್ಟು ಕೊಂಡ ಇಂಧನ ಹೀಗೆ ಗಾಳಿಪಾಲಾಗಬೇಕೇ? ಆ ಬಿಸಿ ಹೊಗೆಯಿಂದ ಒಂದು ಚಕ್ರವನ್ನು ತಿರುಗಿಸಿ, ಆ ಚಕ್ರದ ಬಲದಿಂದ ಇನ್ನೊಂದು ಚಕ್ರ ಹೊರಗಿನ ಗಾಳಿಯನ್ನು ಒತ್ತಿ ಸಿಲಿಂಡರಿಗೆ ತುಂಬುವಂತೆ ಮಾಡಬಹುದೆಂದು ಅವರು ಯೋಚಿಸಿದರು. ಹೆಚ್ಚು ಗಾಳಿ ಸಿಕ್ಕರೆ ಹೆಚ್ಚು ಇಂಧನ ಉರಿಯುತ್ತದೆ. ಅಷ್ಟೇ ದೊಡ್ಡ ಎಂಜಿನ್ ಹೆಚ್ಚು ಶಕ್ತಿ ಕೊಡುತ್ತದೆ. 1905ರ ನವೆಂಬರ್‌ನಲ್ಲಿ ಇದಕ್ಕೆ ಜರ್ಮನಿಯಲ್ಲಿ ಪೇಟೆಂಟ್ ದಾಖಲಾಯಿತು. ಆಗ ಅವರಿಗೆ 26 ವರ್ಷ.

ಕಾಗದದ ಮೇಲೆ ಬರೆದದ್ದು ಕಬ್ಬಿಣದಲ್ಲಿ ಸುಲಭವಾಗಿ ಇಳಿಯಲಿಲ್ಲ. 1909ರಲ್ಲಿ ಊರಿಗೆ ಮರಳಿ ಸುಲ್ಜರ್ ಕಾರ್ಖಾನೆ ಸೇರಿದರು. 1911ರಲ್ಲಿ ಅಲ್ಲಿ ಪ್ರಯೋಗಗಳು ಆರಂಭವಾದವು. 1915ರಲ್ಲಿ ಮಾದರಿ ಎಂಜಿನ್ ಸಿದ್ಧವಾಯಿತಾದರೂ ನಿರೀಕ್ಷಿಸಿದ ಫಲ ಸಿಗಲಿಲ್ಲ. ಕೆಂಪಗೆ ಕಾದ ಹೊಗೆಯಲ್ಲಿ ಅತಿವೇಗವಾಗಿ ತಿರುಗುವ ಚಕ್ರವನ್ನು ಬಾಳಿಕೆ ಬರುವಂತೆ ಮಾಡುವುದು ಆ ಕಾಲದ ಲೋಹಗಳಿಗೆ ಕಷ್ಟವಾಗಿತ್ತು.

ಆದರೂ ಅವರು ಬಿಡಲಿಲ್ಲ. 1925ರಲ್ಲಿ ದಾರಿ ಸಿಕ್ಕಿತು. ಎಲ್ಲ ಸಿಲಿಂಡರುಗಳ ಹೊಗೆಯನ್ನು ಒಂದೇ ಕೊಳವೆಗೆ ಬಿಟ್ಟರೆ ಒಂದರ ಹೊಡೆತ ಇನ್ನೊಂದಕ್ಕೆ ಅಡ್ಡಬರುತ್ತದೆ. ಆದ್ದರಿಂದ ಸಿಲಿಂಡರುಗಳನ್ನು ಗುಂಪು ಮಾಡಿ, ಗುಂಪಿಗೊಂದು ಸಣ್ಣ ಕೊಳವೆ ಇಟ್ಟು, ಹೊಗೆಯ ಒಂದೊಂದು ಹೊಡೆತವೂ ಚಕ್ರಕ್ಕೆ ನೇರವಾಗಿ ಬೀಳುವಂತೆ ಮಾಡಿದರು. ಒಳಗಿನ ಮತ್ತು ಹೊರಗಿನ ವಾಲ್ವುಗಳೆರಡೂ ಸ್ವಲ್ಪ ಹೊತ್ತು ಒಟ್ಟಿಗೆ ತೆರೆದಿರುವಂತೆ ಹೊಂದಿಸಿ, ಹೊಸ ಗಾಳಿ ಹಳೆಯ ಹೊಗೆಯನ್ನು ಗುಡಿಸಿಹಾಕುವಂತೆ ಮಾಡಿದರು. ಎಂಜಿನ್ನಿನ ಶಕ್ತಿ ಶೇಕಡಾ 40ಕ್ಕೂ ಹೆಚ್ಚು ಏರಿತು. ಪ್ರಾಯ್ಸೆನ್ ಮತ್ತು ಹಾನ್ಸೆಸ್ಟಾಟ್ ಡಾನ್ಸಿಗ್ ಎಂಬ ಎರಡು ಜರ್ಮನ್ ಪ್ರಯಾಣಿಕರ ಹಡಗುಗಳಲ್ಲಿ 1750 ಅಶ್ವಶಕ್ತಿಯ ಎಂಜಿನ್ನುಗಳು 2500 ಅಶ್ವಶಕ್ತಿ ಕೊಟ್ಟವು. ಪೇಟೆಂಟಿನಿಂದ ಈ ಯಶಸ್ಸಿಗೆ ಸುಮಾರು 20 ವರ್ಷ ಹಿಡಿದಿತ್ತು.

ಮುಂದೆ ಹಡಗು, ರೈಲು, ಲಾರಿಗಳಿಗೆ ಟರ್ಬೊ ಬಂತು. ಬ್ಯೂಖಿಯವರು ತಾವು ಹುಟ್ಟಿದ ವಿಂಟರ್‌ಥೂರ್‌ನಲ್ಲೇ 1959ರ ಅಕ್ಟೋಬರ್ 27ರಂದು ತೀರಿಕೊಂಡರು. ಟರ್ಬೊ ಇರುವ ಕಾರುಗಳು ಅಮೆರಿಕದ ಮಾರುಕಟ್ಟೆಗೆ ಬಂದದ್ದು 1962ರಲ್ಲಿ. ಅದನ್ನು ನೋಡಲು ಅವರಿರಲಿಲ್ಲ.

ಮೇಷ್ಟ್ರು ಕಥೆ ಮುಗಿಸಿ, ಬ್ಯೂಖಿಯವರು ಗೆದ್ದದ್ದು ದೊಡ್ಡ ಚಕ್ರ ಹಾಕಿ ಅಲ್ಲ, ಎಂಜಿನ್ನಿಗೂ ಚಕ್ರಕ್ಕೂ ಹೊಂದಾಣಿಕೆ ತಂದು ಎಂದು ತಿಳಿಸಿಕೊಟ್ಟರು. ನಾನು ಆ ಜೀಪನ್ನು ಮತ್ತೆ ಕೇಳಿ ತರಿಸಿಕೊಂಡೆ. ಎಂಜಿನ್ನಿನ ಸಿಸಿ ಎಷ್ಟು, ಘಾಟಿಯಲ್ಲಿ ಅದು ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತದೆ, ಅದಕ್ಕೆ ಎಷ್ಟು ಗಾಳಿ ಬೇಕು ಎಂದು ನೋಟುಬುಕ್ಕಿನಲ್ಲಿ ಲೆಕ್ಕ ಹಾಕಿದೆ. ನಾನು ನಪಾಸಾಗಿದ್ದ ಅದೇ ಗಣಿತ! ಆ ಲೆಕ್ಕಕ್ಕೆ ಸರಿಹೊಂದುವ ಚಿಕ್ಕ ಟರ್ಬೊ ಹುಡುಕಿದೆ. ಒತ್ತಿದ ಗಾಳಿ ಬಿಸಿಯಾಗುವುದರಿಂದ ಅದನ್ನು ತಣಿಸಲು ಇಂಟರ್‌ಕೂಲರ್ ಹಾಕಿದೆ. ಒತ್ತಡ ಮಿತಿ ಮೀರದಂತೆ ವೇಸ್ಟ್‌ಗೇಟ್ ಹೊಂದಿಸಿದೆ. ಟರ್ಬೊಗೆ ಆಯಿಲ್ ಹೋಗುವ ಪೈಪನ್ನು ಹೊಸದಾಗಿ ಮಾಡಿಸಿದೆ. ಜೀಪು ಘಾಟಿ ಹತ್ತಿತು. ಆ ಗಿರಾಕಿ ಇಂದಿಗೂ ನನ್ನ ಗ್ಯಾರೇಜಿಗೇ ಬರುತ್ತಾರೆ.

ಈಗ ಇದೇ ಬೆಂಚುಗಳ ಮೇಲೆ ಕುಳಿತು ಓದುತ್ತಿರುವ ಮಕ್ಕಳಿಗೆ ನನ್ನದೊಂದು ಮಾತು. ಒಂದು ಪರೀಕ್ಷೆಯಲ್ಲಿ ನಪಾಸಾದರೆ ಶಾಲೆ ಬಿಡಬೇಡಿ. ಎಲ್ಲಿ ತಪ್ಪಾಯಿತೆಂದು ನೋಡಿ, ಮತ್ತೆ ಕುಳಿತು ಮಾಡಿ.